ಸದ್ದು ಕೆಳಗಿಳಿಯುವ ಎರಡು ದಾರಿ

ಹಳ್ಳಿಯ ಶಾಲೆಯ ಮುಖ್ಯೋಪಾಧ್ಯಾಯರ ಕೆಲಸ ಸಂಜೆ ನಾಲ್ಕರ ಗಂಟೆಯೊಂದಿಗೆ ಮುಗಿಯುವುದಿಲ್ಲವೆಂಬುದನ್ನು ನಮ್ಮ ವಾಚಕರಿಗೆ ಬೇರೆ ಹೇಳಬೇಕಾಗಿಲ್ಲ. ಮಲಯಾಳದಲ್ಲಿ ಬಂದ ಸರಕಾರಿ ಕಾಗದಕ್ಕೆ ಕನ್ನಡದಲ್ಲಿ ಅರ್ಥ ಹೇಳುವುದು, ಅರ್ಜಿ ಬರೆದುಕೊಡುವುದು, ತೋಟದ ಗಡಿಯ ತಕರಾರಿಗೆ ಮಧ್ಯಸ್ಥರಾಗಿ ಕೂರುವುದು, ಇವೆಲ್ಲ ಕಾಸರಗೋಡಿನ ಕಡೆಯ ಕನ್ನಡ ಅಧ್ಯಾಪಕರಿಗೆ ನಿತ್ಯದ್ದೇ. ಆದರೆ ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ನಮ್ಮ ಪಾಲಿಗೆ ಬಂದ ಪಂಚಾಯತಿಗೆ ಮಾತ್ರ ಹಿಂದಿನ ಮೇಲ್ಪಂಕ್ತಿ ಯಾವುದೂ ಇರಲಿಲ್ಲ. ಉಪ್ಪರಿಗೆಯಲ್ಲಿ ಇಟ್ಟ ಒಂದು ಪೆಟ್ಟಿಗೆ. ಅದರ ಅಡಿಗೆ ನಾಲ್ಕು ಮೆತ್ತೆ. ಆ ಮೆತ್ತೆಗಳಿಂದಾಗಿ ಕೆಳಗಿನ ಕೋಣೆಗೆ ಇಳಿಯುವ ಸದ್ದು ಕಡಿಮೆಯಾಗಿದೆಯೋ ಇಲ್ಲವೋ ಎಂಬುದನ್ನು ನಾವು ತೀರ್ಮಾನಿಸಿ ಹೇಳಬೇಕಾಗಿತ್ತು.

ಮನೆಯ ಹೆಸರು ಬೇಡ. ಮುರಕಲ್ಲಿನ ಗೋಡೆ, ಹೆಂಚಿನ ಮಾಡು, ಹಲಸಿನ ಹಲಗೆ ಹಾಸಿದ ಉಪ್ಪರಿಗೆ. ಕೆಳಗೆ ಅಣ್ಣನ ಸಂಸಾರ, ಮೇಲೆ ತಮ್ಮನದು. ಅಡುಗೆ ಬೇರೆಯಾದರೂ ಅಂಗಳ ಒಂದೇ. ತಮ್ಮನ ಮಗ ನಮ್ಮ ಶಾಲೆಯಲ್ಲೇ ಓದಿದವನು; ಈಗ ಮಂಗಳೂರಿನಲ್ಲಿ ಉದ್ಯೋಗದಲ್ಲಿದ್ದು ವಾರದ ಕೊನೆಗೆ ಊರಿಗೆ ಬರುತ್ತಾನೆ. ತನ್ನ ಸಂಬಳದಿಂದ ಅವನು ಸಿನಿಮಾ ನೋಡುವುದಕ್ಕೆಂದು ಒಂದು ಧ್ವನಿವ್ಯವಸ್ಥೆಯನ್ನು ಕೊಂಡುತಂದ. ಅದರ ಪುಟ್ಟ ಸ್ಪೀಕರುಗಳಿಂದ ಯಾರಿಗೂ ತೊಂದರೆಯಾಗಲಿಲ್ಲ. ಜೊತೆಗೆ ಬಂದ ಸಬ್‌ವೂಫರ್ ಎಂಬ ದೊಡ್ಡ ಪೆಟ್ಟಿಗೆಯೇ ಮನೆಯನ್ನು ಎರಡು ಮಾಡುವವರೆಗೆ ಹೋಯಿತು.

ಸಬ್‌ವೂಫರ್ ಎಂದರೆ ಅತ್ಯಂತ ತಗ್ಗಿನ ಸ್ವರಗಳನ್ನಷ್ಟೇ ಹೊರಡಿಸುವ ಧ್ವನಿವರ್ಧಕ. ಸೆಕೆಂಡಿಗೆ 20ರಿಂದ 100ರವರೆಗಿನ ಕಂಪನಗಳು ಅದರ ಸೀಮೆ. ಗುಡುಗು, ಭೂಕಂಪ, ತೋಪಿನ ಸದ್ದು ಮೊದಲಾದವುಗಳ ಬುಡ ಇರುವುದು ಅಲ್ಲಿಯೇ. 1974ರಲ್ಲಿ ಅಮೆರಿಕದ ಯೂನಿವರ್ಸಲ್ ಸಂಸ್ಥೆಯವರು 'ಅರ್ತ್‌ಕ್ವೇಕ್' ಎಂಬ ಚಿತ್ರವನ್ನು ತೆರೆಗೆ ತಂದಾಗ ಚಿತ್ರಮಂದಿರಗಳಲ್ಲಿ ಇಂಥ ದೈತ್ಯ ಪೆಟ್ಟಿಗೆಗಳನ್ನಿರಿಸಿ ಪ್ರೇಕ್ಷಕರ ಆಸನಗಳನ್ನೇ ನಡುಗಿಸಿದ್ದರು. ಅಂದು ಚಿತ್ರಮಂದಿರದ ಆಕರ್ಷಣೆಯಾಗಿದ್ದುದು ಇಂದು ಹಲಸಿನ ಹಲಗೆಯ ಮೇಲೆ ಬಂದು ಕೂತಿದೆ.

ಆ ಹಲಗೆಯ ನೇರ ಕೆಳಗಿನ ಕೋಣೆಯಲ್ಲಿ ಹುಡುಗನ ದೊಡ್ಡಮ್ಮ ಮಲಗಿರುತ್ತಾರೆ. ಜಾರಿಬಿದ್ದು ಸೊಂಟದ ಎಲುಬು ಮುರಿದ ಮೇಲೆ ಅವರಿಗೆ ಮಂಚವೇ ಗತಿ. ಮೊದಲ ವಾರ ಅವರು ಸಹಿಸಿಕೊಂಡರು. ಎರಡನೆಯ ವಾರ ಹೇಳಿಕಳುಹಿಸಿದರು. ಹುಡುಗ ಕೆಟ್ಟವನಲ್ಲ, ಪೇಟೆಯ ಅಂಗಡಿಯೊಂದರಲ್ಲಿ ವಿಚಾರಿಸಿ, 'ಇದನ್ನು ಅಡಿಗೆ ಇಟ್ಟರೆ ಕೆಳಗೆ ಒಂದಿಷ್ಟೂ ಸದ್ದು ಹೋಗುವುದಿಲ್ಲ' ಎಂಬ ಭರವಸೆಯ ಮೇಲೆ ಒಂದು ಚೀಲ ಅಕ್ಕಿಯ ಬೆಲೆ ತೆತ್ತು ಸ್ಪಂಜು ಮತ್ತು ರಬ್ಬರಿನ ನಾಲ್ಕು ಮೆತ್ತೆಗಳನ್ನು ತಂದನು. (ರಬ್ಬರು ಬೆಳೆಯುವ ನಾಡಿನಲ್ಲಿ ಕೂತು ಇಷ್ಟು ಹಣ ಕೊಟ್ಟದ್ದನ್ನು ಕೇಳಿ ನಮಗೆ ಮನಸ್ಸಿನಲ್ಲೇ ನಗು ಬಂತು.) ಆದರೂ ದೊಡ್ಡಮ್ಮನ ದೂರು ನಿಲ್ಲಲಿಲ್ಲ. ಹುಡುಗ ಮೊಬೈಲಿನಲ್ಲಿ ಸದ್ದಳೆಯುವ ಸಾಧನವನ್ನಿರಿಸಿಕೊಂಡು ಕೆಳಗಿನ ಕೋಣೆಯ ನಡುವೆ ನಿಂತು ನೋಡಿದ. 41 ಡೆಸಿಬೆಲ್ ಎಂದು ತೋರಿತು. ನಮ್ಮ ದೇಶದಲ್ಲಿ 2000ದಲ್ಲಿ ಬಂದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ರಾತ್ರಿ 10ರಿಂದ ಬೆಳಗಿನ 6ರವರೆಗೆ 45 ಡೆಸಿಬೆಲ್ ಮಿತಿ. ಮಿತಿಯೊಳಗೇ ಇದೆಯಲ್ಲ! 'ದೊಡ್ಡಮ್ಮನಿಗೆ ಕೇಳುವುದು ಕಿವಿಯಲ್ಲಲ್ಲ, ಮನಸ್ಸಿನಲ್ಲಿ' ಎಂಬ ಮಾತು ಅವನ ಬಾಯಿಯಿಂದ ಹೊರಟಿತು. ಮಾತು ಕೆಳಗೆ ತಲುಪಲು ಯಾವ ಮೆತ್ತೆಯೂ ಅಡ್ಡ ಬರಲಿಲ್ಲ. ಮರುದಿನ ದೊಡ್ಡಪ್ಪನವರು ಪಾಲುಪಟ್ಟಿಯ ಪ್ರಸ್ತಾಪವೆತ್ತಿದರು.

ನಾವು ಹೋದಾಗ ಆ ತಾಯಿ ಹೇಳಿದ್ದು ಇಷ್ಟೇ: "ಮಾಷ್ಟ್ರೇ, ನನಗೆ ಸುಳ್ಳು ಹೇಳಿ ಏನಾಗಬೇಕು? ಮಲಗಿದಲ್ಲಿ ಎದೆಯೊಳಗೆ ಯಾರೋ ಒನಕೆಯಲ್ಲಿ ಕುಟ್ಟಿದ ಹಾಗಾಗುತ್ತದೆ. ಬಾಗಿಲಲ್ಲಿ ನಿಂತವರಿಗೆ ಅದು ಕೇಳುವುದಿಲ್ಲವಂತೆ."

ಈ ಕೊನೆಯ ಮಾತು ನಮ್ಮ ತಲೆಯಲ್ಲಿ ಉಳಿಯಿತು.

ಶ್ರುತಿಕವೆಯ ಪಾಠ

ಮೂವತ್ತೈದು ವರ್ಷಗಳ ಹಿಂದೆ ನಾವು ಶಿಕ್ಷಕರ ತರಬೇತಿಯಲ್ಲಿದ್ದಾಗ ವಿಜ್ಞಾನದ ಗುರುಗಳು ಶ್ರುತಿಕವೆಯನ್ನು ಬಡಿದು ಕೈಯಲ್ಲಿ ಎತ್ತಿ ಹಿಡಿಯುತ್ತಿದ್ದರು. ಹಿಂದಿನ ಬೆಂಚಿಗೆ ಏನೂ ಕೇಳುತ್ತಿರಲಿಲ್ಲ. ಅದರ ಕಾಲನ್ನು ಮೇಜಿನ ಹಲಗೆಗೆ ಊರಿದೊಡನೆ ತರಗತಿಯಿಡೀ ತುಂಬುವ ನಾದ. ನಡುವೆ ಮಡಿಸಿದ ಕರವಸ್ತ್ರವನ್ನಿಟ್ಟರೆ ಮತ್ತೆ ಮೌನ. ಕವೆಯ ಎರಡು ಕಡ್ಡಿಗಳು ಗಾಳಿಯನ್ನು ತಳ್ಳುವಷ್ಟು ಅಗಲವಿಲ್ಲ, ಹಲಗೆ ಅಗಲವಿದೆ, ಕವೆ ಹಲಗೆಯನ್ನು ಕುಣಿಸುತ್ತದೆ, ಹಲಗೆ ಗಾಳಿಯನ್ನು ಕುಣಿಸುತ್ತದೆ. ಕರವಸ್ತ್ರವು ಆ ಕೊಂಡಿಯನ್ನು ಕಡಿಯುತ್ತದೆ. ನಮ್ಮ ಗೃಹಿಣಿಯರಿಗೆ ಇದು ಹೊಸದೇನಲ್ಲ. ಸ್ಟೀಲಿನ ಹರಿವಾಣದ ಮೇಲಿಟ್ಟ ಮಿಕ್ಸಿ ಮನೆಯನ್ನೇ ಎಬ್ಬಿಸುತ್ತದೆ. ಅಡಿಗೆ ಗೋಣಿಚೀಲ ಮಡಿಸಿ ಹಾಕಿದರೆ ತಣ್ಣಗಾಗುತ್ತದೆ.

ಅಂಗಡಿಯವರ ಭರವಸೆಯ ಬುಡದಲ್ಲಿರುವುದೂ ಇದೇ ತತ್ತ್ವ. ಆದ್ದರಿಂದ ಅದನ್ನು ಸುಳ್ಳೆಂದು ತಳ್ಳಿಹಾಕುವಂತಿಲ್ಲ. ಆದರೆ ಶ್ರುತಿಕವೆಗೂ ಸಬ್‌ವೂಫರಿಗೂ ಒಂದು ಭೇದವುಂಟು. ಕವೆಯಿಂದ ಗಾಳಿಗೆ ನೇರವಾಗಿ ಹೋಗುವುದು ಅತ್ಯಲ್ಪ, ಸಬ್‌ವೂಫರಿನ ಅಗಲವಾದ ಬಿಲ್ಲೆಯಾದರೋ ಇರುವುದೇ ಗಾಳಿಯನ್ನು ತಳ್ಳುವುದಕ್ಕೆ. ಈ ಭೇದವನ್ನು ನಾವು ಮೊದಲೇ ಗ್ರಹಿಸಿದ್ದೆವೆಂದು ಹೇಳಿಕೊಂಡರೆ ಅದು ಪ್ರಾಮಾಣಿಕವಾಗದು. ಅಳತೆಗೆ ಇಳಿದ ಮೇಲೆಯೇ ಹೊಳೆದದ್ದು.

ಒಂದು ಶನಿವಾರ ಶಾಲೆಯ ಇಬ್ಬರು ದೊಡ್ಡ ಮಕ್ಕಳನ್ನು ಕರೆದುಕೊಂಡು ಉಪ್ಪರಿಗೆ ಹತ್ತಿದೆವು. ಮೊದಲು ನೆಲದ ಮೇಲೆ ಕಂಚಿನ ಬಟ್ಟಲಲ್ಲಿ ನೀರಿಟ್ಟೆವು. ಹುಡುಗ ಸೆಕೆಂಡಿಗೆ 40 ಕಂಪನಗಳ ಒಂದೇ ಸ್ವರವನ್ನು ಹಾಕಿದ. ಮೆತ್ತೆಗಳಿಲ್ಲದಾಗ ನೀರಿನ ಮೇಲೆ ಸಣ್ಣ ಸಣ್ಣ ಬಳೆಗಳು ಎದ್ದು ಗೋಡೆಯ ಗೂಡಿನಲ್ಲಿದ್ದ ದೀಪದ ಗಾಜು ಕಿಣಿಕಿಣಿಗುಟ್ಟಿತು. ಮೆತ್ತೆಗಳನ್ನಿಟ್ಟ ಮೇಲೆ ಬಳೆಗಳು ತೆಳುವಾದುವು, ಗಾಜಿನ ಕಿಣಿಕಿಣಿ ನಿಂತೇಹೋಯಿತು. ಹುಡುಗನ ಮುಖ ಅರಳಿತು. "ನೋಡಿದಿರಾ ಮಾಷ್ಟ್ರೇ?" ನೋಡಿದೆವು. ಆದರೆ ಬಟ್ಟಲಿಗೆ ಅಂಕಿ ಹೇಳಲು ಬರುವುದಿಲ್ಲ.

ಈಗಿನ ಮೊಬೈಲುಗಳೊಳಗೆ ಅಲುಗಾಟವನ್ನು ಅಳೆಯುವ ಅಂಗವೊಂದು ಇರುತ್ತದೆ. ಫೋನನ್ನು ಅಡ್ಡ ಹಿಡಿದಾಗ ಚಿತ್ರ ಅಡ್ಡವಾಗುವುದು ಅದರಿಂದಲೇ. ಆ ಅಂಗವನ್ನು ಪ್ರಯೋಗಶಾಲೆಯ ಉಪಕರಣದಂತೆ ಬಳಸಲು ಅನುವಾಗುವ 'ಫೈಫಾಕ್ಸ್' ಎಂಬ ಸಾಧನವನ್ನು ಜರ್ಮನಿಯ ಆಖೆನ್ ನಗರದ ತಾಂತ್ರಿಕ ವಿಶ್ವವಿದ್ಯಾಲಯದವರು 2016ರಲ್ಲಿ ಬಿಡುಗಡೆ ಮಾಡಿ ಎಲ್ಲರಿಗೂ ಉಚಿತವಾಗಿ ಕೊಟ್ಟಿದ್ದಾರೆ. ಉಪಕರಣಗಳಿಲ್ಲದ ನಮ್ಮಂಥ ಶಾಲೆಗಳಿಗೆ ಇದು ದೊಡ್ಡ ಉಪಕಾರ. ಫೋನನ್ನು ಪೆಟ್ಟಿಗೆಯಿಂದ ಎರಡು ಗೇಣು ದೂರದಲ್ಲಿ ಹಲಗೆಯ ಮೇಲೆ ಅಂಟಿಸಿ, ಧ್ವನಿಯ ಗುಬುಟಿನ ಜಾಗಕ್ಕೆ ಸೀಮೆಸುಣ್ಣದ ಗುರುತು ಹಾಕಿ, ಮೆತ್ತೆ ಇಟ್ಟು ಒಮ್ಮೆ, ತೆಗೆದು ಒಮ್ಮೆ, ಹೀಗೆ ಆರಾರು ಬಾರಿ ಅಳೆದೆವು. ಮೆತ್ತೆಗಳಿಂದ ಹಲಗೆಯ ಅಲುಗಾಟ ಸುಮಾರು ಮೂರರಲ್ಲೊಂದು ಪಾಲಿಗೆ ಇಳಿಯಿತು.

ಅಂದರೆ ಅಳತೆಗೆ ಸಿಗುವ ವ್ಯತ್ಯಾಸವಿದೆ. ಇಲ್ಲಿಗೆ ನಿಲ್ಲಿಸಿದ್ದರೆ ಹುಡುಗ ಗೆಲ್ಲುತ್ತಿದ್ದ, ಆ ತಾಯಿ ಸುಳ್ಳುಗಾರ್ತಿಯಾಗುತ್ತಿದ್ದರು.

ತೊಟ್ಟಿಲ ಕೊಕ್ಕೆ

ನಮ್ಮನ್ನು ಮುಂದಕ್ಕೆ ತಳ್ಳಿದ್ದು ಒಂದು ಲೆಕ್ಕ. ಮೆತ್ತೆಯ ಮೇಲೆ ಕೂತ ಪೆಟ್ಟಿಗೆಯೆಂದರೆ ಸ್ಪ್ರಿಂಗಿನ ಮೇಲೆ ಕೂತ ಭಾರ. ಉಯ್ಯಾಲೆಗೆ ತನ್ನದೇ ಆದ ಲಯವಿರುವಂತೆ ಅದಕ್ಕೂ ಒಂದು ಲಯವಿದೆ. ಅದನ್ನು ತಿಳಿಯಲು ಸುಲಭದ ಸೂತ್ರವುಂಟು: ಭಾರ ಹೇರಿದಾಗ ಮೆತ್ತೆ ಎಷ್ಟು ಮಿಲಿಮೀಟರು ತಗ್ಗಿತೋ ಅದರ ವರ್ಗಮೂಲದಿಂದ 16ನ್ನು ಭಾಗಿಸಬೇಕು. ಒಂದು ಮಿಲಿಮೀಟರು ತಗ್ಗಿದರೆ ಸೆಕೆಂಡಿಗೆ 16 ಕಂಪನ. ನಾಲ್ಕು ತಗ್ಗಿದರೆ 8. ಪೆಟ್ಟಿಗೆಯ ಸ್ವರ ಈ ಲಯಕ್ಕಿಂತ ಎಷ್ಟೆಷ್ಟು ಮೇಲಿರುವುದೋ ಅಷ್ಟಷ್ಟು ಅಲುಗಾಟ ನೆಲಕ್ಕೆ ಇಳಿಯದೆ ಮೇಲೆಯೇ ಉಳಿಯುತ್ತದೆ. ಎರಡು ಪಟ್ಟು ಮೇಲಿದ್ದರೆ ಮೂರರಲ್ಲೊಂದು ಪಾಲು ಇಳಿಯುವುದು. ಮೂರು ಪಟ್ಟಿದ್ದರೆ ಎಂಟರಲ್ಲೊಂದು. ನಮ್ಮ ಮೆತ್ತೆಗಳು ಎರಡು ಮಿಲಿಮೀಟರು ತಗ್ಗಿದ್ದವು. ಲಯ ಸುಮಾರು 11. ನಾವು ಹಾಕಿದ ಸ್ವರ 40. ಈ ಲೆಕ್ಕದಂತೆ ಅಲುಗಾಟ ಹನ್ನೆರಡರಲ್ಲೊಂದು ಪಾಲಿಗೆ ಇಳಿಯಬೇಕಿತ್ತು. ಇಳಿದದ್ದು ಮೂರರಲ್ಲೊಂದಕ್ಕೆ ಮಾತ್ರ.

ರಬ್ಬರು ವೇಗದ ಅಲುಗಾಟಕ್ಕೆ ತುಸು ಬಿಗಿಯಾಗುತ್ತದೆ, ಹಲಗೆಯ ನೆಲವೂ ತಾನೇ ಬಾಗುತ್ತದೆ, ಹೀಗಾಗಿ ಲೆಕ್ಕಕ್ಕೂ ವಾಸ್ತವಕ್ಕೂ ಅಷ್ಟಿಷ್ಟು ಅಂತರ ಸಹಜ. ಆದರೆ ಇಷ್ಟೊಂದು ಅಂತರವೇ? ಉಳಿದ ಅಲುಗಾಟ ಎಲ್ಲಿಂದ ಬರುತ್ತಿದೆ?

ನಮ್ಮ ಜೊತೆಗಿದ್ದ ಏಳನೆಯ ತರಗತಿಯ ಹುಡುಗಿ ತಲೆಯೆತ್ತಿ ಮಾಡನ್ನು ನೋಡುತ್ತ, "ಪೆಟ್ಟಿಗೆಯನ್ನು ನೆಲಕ್ಕೆ ತಾಗಿಸದೆಯೇ ಇಟ್ಟರೆ ಗೊತ್ತಾಗುತ್ತದಲ್ಲ, ಸರ್" ಎಂದಳು. ಅವಳು ನೋಡುತ್ತಿದ್ದುದು ತೊಲೆಯಲ್ಲಿದ್ದ ತೊಟ್ಟಿಲ ಕೊಕ್ಕೆಯನ್ನು. ಪೆಟ್ಟಿಗೆ ಹದಿನೆಂಟು ಕಿಲೋ ತೂಗುತ್ತಿತ್ತು. ತೆಂಗಿನ ನಾರಿನ ಹಗ್ಗ ತಂದು, ಬಿಗಿದು, ಇಬ್ಬರು ಎತ್ತಿ ಕೊಕ್ಕೆಗೆ ಸಿಕ್ಕಿಸಿದೆವು. ಪೆಟ್ಟಿಗೆ ನೆಲದಿಂದ ನಾಲ್ಕು ಬೆರಳು ಮೇಲೆ ಮಗುವಿನಂತೆ ತೂಗತೊಡಗಿತು. ಕೆಳಗಿನಿಂದ ಆ ತಾಯಿ, ಏನು ಮಾಡುತ್ತಿದ್ದೀರೆಂದು ಕೂಗಿ ಕೇಳಿದರು. ಹೇಳಿದೆವು. "ಅದೇ ಕೊಕ್ಕೆಯಲ್ಲಿ ನಾನು ಅವನನ್ನು ತೂಗಿದ್ದು" ಎಂದರು. ಹುಡುಗ ಏನೂ ಹೇಳಲಿಲ್ಲ.

ಈಗ ಪೆಟ್ಟಿಗೆಗೂ ನೆಲಕ್ಕೂ ನಡುವೆ ಇದ್ದುದು ಬರಿಯ ಗಾಳಿ. ಅದೇ ಸ್ವರ, ಅದೇ ಗುರುತು. ಫೋನು ತೋರಿಸಿದ್ದು ಮೆತ್ತೆಯಿಟ್ಟಾಗ ಬಂದಿದ್ದ ಅಂಕಿಗಿಂತ ಹೆಚ್ಚೇನೂ ಭಿನ್ನವಲ್ಲ. ನೆಲಕ್ಕೆ ತಾಗದ ಪೆಟ್ಟಿಗೆಯೂ ನೆಲವನ್ನು ಮೂರರಲ್ಲೊಂದು ಪಾಲು ಅಲುಗಿಸುತ್ತಿತ್ತು!

ಸದ್ದಿಗೆ ಎರಡು ದಾರಿಗಳಿದ್ದುವೆಂದು ಆಗ ಮನವರಿಕೆಯಾಯಿತು. ಒಂದು, ಪೆಟ್ಟಿಗೆಯ ಕಾಲಿನಿಂದ ಹಲಗೆಗೆ. ಇನ್ನೊಂದು, ಬಿಲ್ಲೆಯಿಂದ ಕೋಣೆಯ ಗಾಳಿಗೆ, ಆ ಗಾಳಿಯಿಂದ ಇಡೀ ನೆಲಕ್ಕೆ. ಮೆತ್ತೆ ಮೊದಲನೆಯ ದಾರಿಯನ್ನು ಬಹುಮಟ್ಟಿಗೆ ಮುಚ್ಚಿತು. ಎರಡನೆಯದನ್ನು ಮುಟ್ಟಲೇ ಇಲ್ಲ. ಮುಟ್ಟುವುದು ಅದಕ್ಕೆ ಸಾಧ್ಯವೂ ಇಲ್ಲ.

ಗಾಳಿ ನೆಲವನ್ನು ನಡುಗಿಸುವುದೆಂದರೆ ನಂಬಲು ಕಷ್ಟವೆನಿಸಬಹುದು. ಮನೆಗೆ ಬಂದು ಕಾಗದ ಪೆನ್ಸಿಲು ಹಿಡಿದೆವು. ಹನ್ನೆರಡು ಇಂಚಿನ ಬಿಲ್ಲೆ ಮತ್ತು ಅದರ ಸುರುಳಿಯ ತೂಕ ನೂರು ಗ್ರಾಮಿರಲಿ. ಅದು ಸೆಕೆಂಡಿಗೆ 30 ಬಾರಿ ಐದೈದು ಮಿಲಿಮೀಟರು ಹಿಂದುಮುಂದಾದರೆ, ನ್ಯೂಟನ್ನನ ಮೂರನೆಯ ನಿಯಮದಂತೆ ಪೆಟ್ಟಿಗೆಯ ಮೇಲೆ ಬೀಳುವ ಮರುನೂಕು ಹೆಚ್ಚೆಂದರೆ 18 ನ್ಯೂಟನ್. ಎರಡು ಕಿಲೋ ಬೆಲ್ಲದ ತೂಕಕ್ಕಿಂತ ತುಸು ಕಡಿಮೆ. ಇನ್ನು ಗಾಳಿಯ ಲೆಕ್ಕ. ಕೋಣೆಯಲ್ಲಿ ಸದ್ದು 94 ಡೆಸಿಬೆಲ್ ಇದ್ದಾಗ ಗಾಳಿಯ ಒತ್ತಡದ ಏರಿಳಿತ ಒಂದು ಪಾಸ್ಕಲ್, ಅಂದರೆ ಪ್ರತಿ ಚದರ ಮೀಟರಿಗೆ ಒಂದು ನ್ಯೂಟನ್. ಬರಿಯ ಒಂದು! ಆದರೆ ಐದು ಮೀಟರು ಉದ್ದ, ನಾಲ್ಕು ಮೀಟರು ಅಗಲದ ಆ ಉಪ್ಪರಿಗೆಯ ನೆಲ 20 ಚದರ ಮೀಟರು. ಒತ್ತಡ ಎಲ್ಲೆಡೆ ಒಂದೇ ಸಮ ಇರುವುದಿಲ್ಲವಾದರೂ ಒಟ್ಟಿನಲ್ಲಿ 20 ನ್ಯೂಟನ್ನಿನ ಆಸುಪಾಸು. ಪೆಟ್ಟಿಗೆಯ ಕಾಲು ತಳ್ಳುವಷ್ಟೇ ಬಲದಿಂದ ಗಾಳಿಯೂ ನೆಲವನ್ನು ತಳ್ಳುತ್ತದೆ. ಒಂದು ಬಾಗಿಲಿಗೆ ಅಗುಳಿ ಹಾಕಿ, ಪಕ್ಕದ ಬಾಗಿಲನ್ನು ತೆರೆದಿಟ್ಟ ಹಾಗಾಯಿತು. ಸಾಲದ್ದಕ್ಕೆ ಹಲಗೆಗಳ ಸಂದುಗಳಲ್ಲಿ ಬೆಳಕೇ ಇಳಿಯುತ್ತಿದ್ದ ನೆಲವದು. ಸದ್ದಿಗೆ ಏನು ಅಡ್ಡಿ?

ಮಂಚದ ತಲೆಯ ಕಡೆ

ಹುಡುಗನ 41 ಡೆಸಿಬೆಲ್ಲಿನ ಪ್ರಶ್ನೆ ಹಾಗೆಯೇ ಉಳಿದಿತ್ತು. ಅಂಕಿ ಸುಳ್ಳಲ್ಲ, ಅದು ಬೇರೊಂದು ಪ್ರಶ್ನೆಗೆ ಉತ್ತರ. ಮನುಷ್ಯನ ಕಿವಿ ತಗ್ಗಿನ ಸ್ವರಗಳಿಗೆ ಮಂದ. ಹಾರ್ವೆ ಫ್ಲೆಚರ್ ಮತ್ತು ವಿಲ್ಡೆನ್ ಮನ್ಸನ್ ಎಂಬ ಅಮೆರಿಕದ ವಿಜ್ಞಾನಿಗಳು 1933ರಲ್ಲಿ ಈ ಮಂದತೆಯನ್ನು ಅಳೆದು ವಕ್ರರೇಖೆಗಳಲ್ಲಿ ತೋರಿಸಿದರು. ಅಂಥ ರೇಖೆಯೊಂದನ್ನು ಅನುಸರಿಸಿ, ಸದ್ದಳೆಯುವ ಮಾಪಕಗಳೂ ತಗ್ಗಿನ ಸ್ವರಗಳನ್ನು ಕಡಿಮೆ ಮಾಡಿ ತೋರಿಸುವ ಪದ್ಧತಿ ಬಂತು. ಅದಕ್ಕೆ 'ಎ' ತೂಕವೆಂದು ಹೆಸರು. ನಮ್ಮ ನಿಯಮಗಳ 45 ಕೂಡ ಇದೇ ತೂಕದ ಡೆಸಿಬೆಲ್ಲು. ಸೆಕೆಂಡಿಗೆ 40 ಕಂಪನದ ಸ್ವರವಾದರೆ ಈ ತಕ್ಕಡಿ ಹೆಚ್ಚುಕಡಿಮೆ 35 ಡೆಸಿಬೆಲ್ ಕಳೆದೇ ಹೇಳುತ್ತದೆ. ನಿಜವಾಗಿ 75 ಇರುವ ಗುಡುಗು 40 ಎಂದು ಕಾಣುತ್ತದೆ. ಆದರೆ ಆ ಸ್ವರ ಕಿವಿಗೆ ಬೀಳಲು 50ರ ಆಸುಪಾಸು ಇದ್ದರೆ ಸಾಕು. 75 ಎಂದರೆ ಚೆನ್ನಾಗಿಯೇ ಕೇಳುತ್ತದೆ. ಮೇಲಾಗಿ ತಗ್ಗಿನ ಸೀಮೆಯಲ್ಲಿ ಆ ವಕ್ರರೇಖೆಗಳು ಒಂದಕ್ಕೊಂದು ಒತ್ತೊತ್ತಾಗಿವೆ. ಕೇಳಿಸತೊಡಗಿದ ಮೇಲೆ ಕೊಂಚ ಏರಿದರೂ ಸದ್ದು ಬಹಳ ಏರಿದಂತೆ ಅನಿಸುವುದು ಈ ಕಾರಣದಿಂದ.

ಇದು ಒಂದು. ಇನ್ನೊಂದು, ಅವನು ನಿಂತ ಜಾಗ. ಗಾಳಿಯಲ್ಲಿ ಸದ್ದಿನ ವೇಗ ಸೆಕೆಂಡಿಗೆ ಸುಮಾರು 340 ಮೀಟರು. 34 ಕಂಪನದ ಸ್ವರದ ಒಂದು ಅಲೆ ಹತ್ತು ಮೀಟರು ಉದ್ದ. ಅರ್ಧ ಅಲೆ ಐದು ಮೀಟರು, ಸರಿಯಾಗಿ ಆ ಕೋಣೆಯ ಉದ್ದದಷ್ಟು. ಅಂಥ ಸ್ವರ ಎದುರುಬದುರು ಗೋಡೆಗಳ ನಡುವೆ ಸಿಕ್ಕಿಕೊಂಡು ನಿಂತ ಅಲೆಯಾಗುತ್ತದೆ. ಗೋಡೆಯ ಬುಡದಲ್ಲಿ ಅದು ಅತ್ಯಂತ ಜೋರು, ಕೋಣೆಯ ನಡುವೆ ಅತ್ಯಂತ ಮೆಲ್ಲಗೆ. ಅಗಲದ ನಾಲ್ಕು ಮೀಟರಿಗೆ ಸೆಕೆಂಡಿಗೆ 43 ಕಂಪನದ ಸ್ವರ ಹೀಗೆಯೇ ಸಿಕ್ಕಿಕೊಳ್ಳುತ್ತದೆ. ಹುಡುಗ ಫೋನು ಹಿಡಿದು ನಿಂತದ್ದು ನಡುಕೋಣೆಯಲ್ಲಿ. ದೊಡ್ಡಮ್ಮನ ಮಂಚದ ತಲೆಯಿದ್ದುದು ಎರಡು ಗೋಡೆಗಳು ಕೂಡುವ ಮೂಲೆಯಲ್ಲಿ!

ಇದನ್ನು ಬಾಯಲ್ಲಿ ವಿವರಿಸುವ ಗೋಜಿಗೆ ನಾವು ಹೋಗಲಿಲ್ಲ. ಮರುವಾರ ಆ ತಾಯಿಯನ್ನು ಗಾಲಿಕುರ್ಚಿಯಲ್ಲಿ ಕುಳ್ಳಿರಿಸಿ ಜಗಲಿಗೆ ಕರೆತಂದರು. ಮೇಲೆ ಪೆಟ್ಟಿಗೆ ಮೆತ್ತೆಗಳ ಮೇಲೆಯೇ ಕೂತು, ಹುಡುಗ ಪ್ರತಿ ಶನಿವಾರ ನೋಡುವಂಥ ಚಿತ್ರವೊಂದನ್ನು ನುಡಿಸುತ್ತಿತ್ತು. "ಸ್ವಲ್ಪ ಹೊತ್ತು ಇಲ್ಲಿ ಮಲಗಪ್ಪ" ಎಂದೆವು. ಅವನು ದೊಡ್ಡಮ್ಮನ ದಿಂಬಿಗೆ ತಲೆಯಿಟ್ಟು ಮಲಗಿದ. ಮಾತು ಕೇಳಿಸದು, ಸಂಗೀತ ಕೇಳಿಸದು. ಮಾಡಿನಿಂದ ಬರುವಂಥ ಬುಡವಿಲ್ಲದ ಗುದ್ದು ಮಾತ್ರ. ಎರಡು ನಿಮಿಷವಾಗಿರಬೇಕು. ಎದ್ದು, ನಮ್ಮತ್ತ ನೋಡದೆ ಮೇಲೆ ಹೋಗಿ ಆರಿಸಿಬಿಟ್ಟ. ಅಂದು ಅವನು ಜಗಲಿಯಲ್ಲಿ ದೊಡ್ಡಮ್ಮನ ಪಕ್ಕ ಬಹಳ ಹೊತ್ತು ಕೂತಿದ್ದನೆಂದು ಆಮೇಲೆ ಕೇಳಿದೆವು. ಏನು ಮಾತಾಡಿದರೋ ನಾವು ವಿಚಾರಿಸಲಿಲ್ಲ.

ಸಿಮೆಂಟಿನ ನೆಲದ ಮೇಲೆ

ಪಂಚಾಯತಿ ಅಲ್ಲಿಗೆ ಮುಗಿಯಬಹುದಿತ್ತು. ಆದರೆ ಅಧ್ಯಾಪಕರ ಹಟ ನಮ್ಮನ್ನು ಬಿಡಲಿಲ್ಲ. ಮೆತ್ತೆಯಿಂದ ಮೇಲಿನ ಕೋಣೆಯ ಸದ್ದೇ 'ಶುದ್ಧ'ವಾಗುತ್ತದೆಂದು ಅಂಗಡಿಯವರು ಹೇಳಿದ್ದರಂತೆ, ಹುಡುಗನೂ ಹೌದೆನ್ನುತ್ತಿದ್ದ. ಅದನ್ನೂ ನೋಡಿಬಿಡೋಣವೆಂದು ಅವನನ್ನು ಹೊರಗೆ ನಿಲ್ಲಿಸಿ, ನಾಣ್ಯ ಚಿಮ್ಮಿ, ಬಿದ್ದಂತೆ ಮೆತ್ತೆ ಇಟ್ಟೋ ತೆಗೆದೋ, ಪೆಟ್ಟಿಗೆಯ ಬುಡಕ್ಕೆ ಬಟ್ಟೆ ಮುಚ್ಚಿ ಒಳಗೆ ಕರೆದೆವು. ಬರಿಗಾಲಲ್ಲಿ ಹಲಗೆಯ ಮೇಲೆ ನಿಂತಾಗ ಹತ್ತಕ್ಕೆ ಹತ್ತೂ ಸರಿಯಾಗಿ ಹೇಳಿದ. ಮೆಚ್ಚಿದೆವು. ಬಳಿಕ ದಪ್ಪನೆಯ ಹತ್ತಿಯ ಹಾಸಿಗೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂರಿಸಿದೆವು. ಹತ್ತರಲ್ಲಿ ಆರು! ಅವನಿಗೆ ವ್ಯತ್ಯಾಸ ತಿಳಿದದ್ದು ಕಿವಿಯಿಂದಲ್ಲ, ಪಾದದಿಂದ. ಹಾಸಿಗೆಯೂ ಒಂದು ಮೆತ್ತೆಯೇ ತಾನೆ?

ಇಲ್ಲಿ ಒಂದು ಮಾತು. ಏನೂ ತಿಳಿಯದೆ ಊಹಿಸಿದರೂ ಹತ್ತರಲ್ಲಿ ಆರು ಅಥವಾ ಅದಕ್ಕಿಂತ ಹೆಚ್ಚು ಸರಿಯಾಗುವ ಸಂಭವ ನೂರಕ್ಕೆ 38ರಷ್ಟಿದೆ. ಒಂಬತ್ತು ಅಥವಾ ಹತ್ತು ಸರಿಯಾಗುವುದಾದರೆ ಬರಿಯ ಊಹೆಯಿಂದ ನೂರಕ್ಕೆ ಒಂದಷ್ಟೆ. ಕೇಳುಗನಿಗೆ ಏನಿಟ್ಟಿದ್ದಾರೆಂದು ಗೊತ್ತಿದ್ದು ಮಾಡುವ ಪರೀಕ್ಷೆಗೆ ಬೆಲೆಯಿಲ್ಲ. ತೆತ್ತ ಹಣವೇ ಕಿವಿಯಲ್ಲಿ ಕೂತು ಮಾತಾಡುತ್ತದೆ.

ಆ ಬಳಿಕ ಪೆಟ್ಟಿಗೆಯನ್ನು ರಿಕ್ಷಾದಲ್ಲಿ ಹಾಕಿಸಿ ಶಾಲೆಗೆ ತರಿಸಿದೆವು. ನಮ್ಮ ತರಗತಿಯ ನೆಲ ಮಣ್ಣು ತುಂಬಿಸಿ ಮೇಲೆ ಸಿಮೆಂಟು ಹಾಕಿದ್ದು. ಮೆತ್ತೆ ಇರಲಿ ಬಿಡಲಿ, ಫೋನು ತೋರಿಸಿದ ಅಲುಗಾಟ ಎಲ್ಲ ಸದ್ದನ್ನು ನಿಲ್ಲಿಸಿದಾಗ ಅದು ತಾನಾಗಿ ತೋರಿಸುವ ಗಜಿಬಿಜಿಗಿಂತ ಹೆಚ್ಚೇನಿರಲಿಲ್ಲ. ಮೂವರು ಸಹೋದ್ಯೋಗಿಗಳನ್ನು ಕೂರಿಸಿ ಅದೇ ನಾಣ್ಯದ ಪರೀಕ್ಷೆ ಮಾಡಿದೆವು. ಒಬ್ಬರಿಗೆ ನಾಲ್ಕು, ಒಬ್ಬರಿಗೆ ಐದು, ಒಬ್ಬರಿಗೆ ಆರು. ಮಣ್ಣಿಗೆ ಅಂಟಿಕೊಂಡ ಗಟ್ಟಿ ನೆಲವನ್ನು ಹದಿನೆಂಟು ಕಿಲೋದ ಪೆಟ್ಟಿಗೆ ಅಲುಗಿಸಲಾರದು. ಅಲುಗದ ನೆಲದಿಂದ ಬೇರ್ಪಡಿಸುವುದಕ್ಕೆ ಏನಿದೆ? ನೆಲದ ಮೇಲೆಯೇ ಮನೆಯಿರುವ ವಾಚಕರು ಇಂಥ ಮೆತ್ತೆಗಳಿಗೆ ಹಣ ಹಾಕಬೇಕಾಗಿಲ್ಲವೆಂದು ನಮ್ಮ ಸ್ಪಷ್ಟ ಅಭಿಪ್ರಾಯ. ಹಲಗೆಯ ಉಪ್ಪರಿಗೆಯಿದ್ದವರು, ಪಾತ್ರೆ ಗಾಜುಗಳ ಕಿಣಿಕಿಣಿಯನ್ನಷ್ಟೇ ನಿಲ್ಲಿಸಬೇಕೆಂದಿದ್ದರೆ ಇಡಬಹುದು. ಮೃದುವಾದ ಸ್ಪಂಜಿನ ದಪ್ಪ ತುಂಡುಗಳ ಮೇಲೊಂದು ಮಣೆಯಿಟ್ಟರೂ ಅದೇ ಕೆಲಸ.

ಗಟ್ಟಿ ರಬ್ಬರು ಮಾತ್ರ ಬೇಡ. ಹಳೆಯ ಟಯರಿನ ತುಂಡುಗಳನ್ನು ಉಪ್ಪರಿಗೆಯಲ್ಲಿ ನಾವೇ ಇಟ್ಟು ನೋಡಿದೆವು. ಅವು ಕಾಲು ಮಿಲಿಮೀಟರಿನಷ್ಟೂ ತಗ್ಗಲಿಲ್ಲ. ಕಾಲು ಮಿಲಿಮೀಟರಿಗೆ ಸೂತ್ರದ ಪ್ರಕಾರ ಲಯ ಸೆಕೆಂಡಿಗೆ 32 ಕಂಪನ, ಅಂದರೆ ಸಿನಿಮಾದ ಗುಡುಗಿನ ನಡುಮಧ್ಯಕ್ಕೆ! ಉಯ್ಯಾಲೆಯನ್ನು ಅದರ ಲಯಕ್ಕೆ ಸರಿಯಾಗಿ ತಳ್ಳಿದ ಹಾಗೆ, ಕೆಲವು ಸ್ವರಗಳಿಗೆ ಹಲಗೆ ಏನೂ ಇಲ್ಲದಾಗಿನದಕ್ಕಿಂತ ಹೆಚ್ಚು ಅಲುಗಿತು. ಪೆಟ್ಟಿಗೆಯ ಅಡಿಗೆ ಚೂಪಾದ ಲೋಹದ ಮೊಳೆಗಾಲುಗಳನ್ನು ಮಾರುವವರೂ ಇದ್ದಾರೆ. ಅದು ಕರವಸ್ತ್ರ ತೆಗೆದು ಶ್ರುತಿಕವೆಯನ್ನು ಮೇಜಿಗೆ ಊರಿದಂತೆ; ಬೇರ್ಪಡಿಸುವ ಮಾತು ಅಲ್ಲಿಲ್ಲ.

ಎರಡನೆಯ ದಾರಿಯನ್ನು, ಆ ಗಾಳಿಯ ದಾರಿಯನ್ನು, ಮುಚ್ಚಲು ಅಗ್ಗದ ವಸ್ತು ಯಾವುದೂ ಇಲ್ಲ. ಗೋಡೆಗೆ ಅಂಟಿಸುವ ತೆಳು ಸ್ಪಂಜು, ನೆಲಹಾಸು, ಪರದೆ, ಇವು ಹತ್ತು ಮೀಟರು ಉದ್ದದ ಅಲೆಯನ್ನು ಏನು ಮಾಡಬಲ್ಲವು? ಸದ್ದನ್ನು ತಗ್ಗಿಸಬಹುದು, 6 ಡೆಸಿಬೆಲ್ ತಗ್ಗಿಸಿದರೆ ಗಾಳಿಯ ಒತ್ತಡ ಅರ್ಧವಾಗುತ್ತದೆ. ಪೆಟ್ಟಿಗೆಯನ್ನು ಮೂಲೆಯಿಂದ ಈಚೆಗೆ ಎಳೆಯಬಹುದು. ಇಲ್ಲವೇ ಪೆಟ್ಟಿಗೆಯನ್ನು ಬೇರೆಡೆಗೆ ಒಯ್ಯಬಹುದು.

ಆ ಮನೆಯವರು ಒಯ್ದರು. ಅಂಗಳದಾಚೆ ಪತ್ತಾಯದ ಕೋಣೆಯೊಂದಿದೆ. ಗದ್ದೆ ಅಡಿಕೆ ತೋಟವಾದ ಮೇಲೆ ಭತ್ತವಿಲ್ಲ, ಕೋಣೆ ಖಾಲಿ ಬಿದ್ದಿತ್ತು. ದಪ್ಪ ಮುರಕಲ್ಲಿನ ಗೋಡೆ, ಗಟ್ಟಿ ನೆಲ, ಒಂದೇ ಬಾಗಿಲು. ದೊಡ್ಡಪ್ಪನವರೇ ನಿಂತು ಗುಡಿಸಿ ಸುಣ್ಣ ಹೊಡೆಸಿದರಂತೆ. ಪಾಲುಪಟ್ಟಿಯ ಕಾಗದ ಬರೆಯಲು ನಮ್ಮನ್ನು ಇದುವರೆಗೆ ಯಾರೂ ಕರೆದಿಲ್ಲ. ಕಳೆದ ತಿಂಗಳು ಹೋದಾಗ ಆ ತಾಯಿ ಚಟ್ನಿ ಅರೆಯುವ ಸದ್ದು ಕೇಳುತ್ತಿದೆಯೇ ಎಂದು ನಮ್ಮನ್ನೇ ಕೇಳಿದರು. ಅಷ್ಟಾಗಿ ಇಲ್ಲ ಎಂದೆವು. ಹುಡುಗನ ನಾಲ್ಕು ಮೆತ್ತೆಗಳಲ್ಲಿ ಎರಡು ಈಗ ಅಡುಗೆಮನೆಯಲ್ಲಿ ಅವರ ಮಿಕ್ಸಿಯ ಅಡಿಗೆ ಇವೆ.